ಗೋಬಿಗಲ್ಲ, ರಕ್ತಕ್ಕೆ

"ಗೋಬಿಗಾ?" ಅಂತ ಕೇಳಿದರು ಗಾಂಧಿ ಬಜಾರಿನ ಅಂಗಡಿಯವರು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದಮೇಲೆ, ಕೆಂಪು ಬಣ್ಣ ಕೇಳಿದವರೆಲ್ಲ ಅವರಿಗೆ ಗೋಬಿ ಗಾಡಿಯವರೇ. "ಅಲ್ಲ ಸಾರ್, ರಕ್ತಕ್ಕೆ" ಅಂದೆ. ಪಕ್ಕದಲ್ಲಿ ಸಾಸಿವೆ ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಆಚೆ ಸರಿದು ನಿಂತರು.

ಗೆಳೆಯನದೊಂದು ಕಿರುಚಿತ್ರ, ಅದರ ನಕಲಿ ರಕ್ತ ನನ್ನ ಪಾಲು. ಗೆಳೆಯನಿಗೆ ವಾರವೆಲ್ಲ ಆಫೀಸು, ಭಾನುವಾರ ಡೈರೆಕ್ಟರ್. ಒಳ್ಳೆ ಹುಡುಗನೇ, ಆದರೆ ರಕ್ತ ಜಾಸ್ತಿ ಸುರಿದಷ್ಟೂ ಜನ ಜಾಸ್ತಿ ಅಳುತ್ತಾರೆ ಅಂತ ನಂಬಿಕೊಂಡಿದ್ದಾನೆ. ದುಡ್ಡು ಮಾತ್ರ ಇಲ್ಲ. 1960ರ 'ಸೈಕೋ'ದಲ್ಲಿ ಚಾಕೊಲೇಟ್ ಸಿರಪ್ ಸುರಿದೇ ಕೆಲಸ ಮುಗಿಸಿದರಂತೆ, ನಾವೂ ಹಾಗೇ ಮಾಡೋಣ್ವಾ ಅಂದ. ಅದು ಕಪ್ಪು ಬಿಳುಪು ಸಿನಿಮಾ ಕಣಯ್ಯಾ, ನಿನ್ನ ಹೀರೋ ಹಾಕಿರೋದು ಬಿಳಿ ಅಂಗಿ, ಹೊರಗೆ ಮಟಮಟ ಮಧ್ಯಾಹ್ನ ಅಂದೆ.

ಹೊರದೇಶದವರು ಇದಕ್ಕೆ ಕಾರ್ನ್ ಸಿರಪ್, ಅಂದರೆ ಮೆಕ್ಕೆಜೋಳದ ಪಾಕ, ಹಾಕಿ ಅಂತಾರೆ. ನಾನು ಸಕ್ಕರೆ ಪಾಕದಲ್ಲೇ ಮಾಡೋದು. ಬರೀ ಪಾಕ ಗಾಜಿನ ಥರ ಕಾಣುತ್ತೆ, ಅದಕ್ಕೆ ಸ್ವಲ್ಪ ಮೈದಾ ಕದಡಿ ಕುದಿಸಬೇಕು. ಆಮೇಲೆ ಕೆಂಪು. ಬರೀ ಕೆಂಪಾದರೆ ಶರಬತ್ತು. ಒಂದು ಹನಿ ನೀಲಿ ಬಿದ್ದರೆ ಗಾಢವಾಗುತ್ತೆ, ಕಾಫಿ ಡಿಕಾಕ್ಷನ್ ಬಿದ್ದರೆ ಹಳೇ ರಕ್ತ. ಅಂಗಿಗೆ ಹಚ್ಚೋ ಪಾಲಿಗೆ ಚೂರು ಶಾಂಪೂ ಬೆರೆಸಿದರೆ ಬಟ್ಟೆಯಲ್ಲಿ ಚೆನ್ನಾಗಿ ಹರಡುತ್ತೆ, ಒಗೆದಾಗ ಬೇಗ ಬಿಡುತ್ತೆ. ಬಾಯಿಂದ ಸುರಿಯೋದಕ್ಕೆ ಮಾತ್ರ ಶಾಂಪೂ ಇಲ್ಲದ್ದು, ಬೇರೆ ಲೋಟದಲ್ಲಿ. ಮೆಡಿಕಲ್ ಸ್ಟೋರಿನ ಡ್ರಿಪ್ ನಳಿಕೆಯನ್ನು ಅಂಗಿಯೊಳಗೆ ಅಂಟಿಸಿ, ಕ್ಯಾಮೆರಾ ಆಚೆಯಿಂದ ಸಿರಿಂಜ್ ಒತ್ತಿದರೆ ಗಾಯ ತಾನಾಗೇ ಒಸರುತ್ತೆ.

ಕೈ ಕೊಯ್ಯೋ ಶಾಟ್‌ಗೆ ಓಕುಳಿ ಲೆಕ್ಕ. ತೋಳಿಗೆ ಅರಿಶಿನ ಹಚ್ಚಿ ಒಣಗಿಸಿ, ಮೊಂಡು ಚಾಕುವಿಗೆ ಸುಣ್ಣದ ತಿಳಿ ಸವರಿ ಎಳೆದರೆ ಹಿಂದೆಯೇ ಕೆಂಪು ಗೆರೆ ಮೂಡುತ್ತೆ. ಆರತಿ ತಟ್ಟೆ ನೋಡಿ ಬೆಳೆದ ಯಾರಿಗಾದರೂ ಹೊಳೆಯಬೇಕಾದ್ದು, ಆದರೂ ಆ ಶಾಟ್ ತೆಗೆದಾಗ ಇಡೀ ಟೀಮ್ ಚಪ್ಪಾಳೆ ಹೊಡೆಯಿತು. ನಾನೂ ಸ್ವಲ್ಪ ಮೆರೆದೆ ಬಿಡಿ.

ಆಮೇಲೆ ಸಾಯೋ ದೃಶ್ಯ. ನಮ್ಮನೆ ತಾರಸಿಯಲ್ಲೇ. ಹೀರೋ ಹುಡುಗ ನೀರಿನ ಟ್ಯಾಂಕಿಗೆ ಒರಗಿ ಬಿದ್ದಿದ್ದ, ಮೈತುಂಬ ಪಾಕ, ಕಾಲ ಹತ್ತಿರ ಇರುವೆ ಸಾಲು ಆಗಲೇ ಶುರುವಾಗಿತ್ತು. ಅಮ್ಮನ ಬಗ್ಗೆ, ಊರಿನ ಬಗ್ಗೆ, ಮೋಸ ಮಾಡಿದ ಗೆಳೆಯನ ಬಗ್ಗೆ ಉದ್ದಕ್ಕೆ ಡೈಲಾಗ್ ಹೇಳುತ್ತಿದ್ದ. ಆಗ ಕೆಳಗಿನ ಮನೆ ಆಂಟಿ ಒಣಗಿದ ಬಟ್ಟೆ ತೆಗೆಯೋಕೆ ಮೇಲೆ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರ್ ಆದವರು. ಕಿರುಚಲಿಲ್ಲ. ಕ್ಲಿಪ್ ಒಂದೊಂದಾಗಿ ಕೀಳುತ್ತಾ ಪೂರ್ತಿ ನೋಡಿದರು.

"ಎಷ್ಟು ಸುರಿದಿದ್ದೀರಪ್ಪ?"

"ಎರಡು ಲೀಟರ್ ಆಂಟಿ."

"ಮನುಷ್ಯನಿಗೆ ಇರೋದೇ ಐದು ಲೀಟರ್ ಚಿಲ್ಲರೆ. ರಕ್ತದಾನಕ್ಕೆ ತಗೊಳ್ಳೋದು ಮುನ್ನೂರೈವತ್ತು ಎಂಎಲ್. ಎರಡು ಲೀಟರ್ ಹೋದೋನು ಇಷ್ಟೆಲ್ಲ ಮಾತಾಡ್ತಾನಾ?"

ಡೈರೆಕ್ಟರ್ ನಕ್ಕ. "ಮತ್ತೆ ಏನಂತಾನೆ ಆಂಟಿ?"

"ನೀರು ಕೇಳ್ತಾನೆ. ಚಳಿ ಅಂತಾನೆ. ಬೇಸಿಗೇಲೂ ಚಳಿ ಅಂತಾನೆ. ನಾವು ನೀರು ಕೊಡೋ ಹಾಗಿಲ್ಲ, ಆಪರೇಷನ್ ಇರತ್ತಲ್ಲ. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತಿದ್ವಿ."

ಇಷ್ಟೇ. ಬಟ್ಟೆ ಹೆಗಲಿಗೆ ಹಾಕಿಕೊಂಡು ಇಳಿದುಹೋದರು. ಹೋಗುವಾಗ, ಇರುವೆ ಹತ್ತಿದೆ, ತಾರಸಿ ತೊಳೀರಿ ಅಂದರು.

ಈ ವಾರವೆಲ್ಲ ನನಗೆ ಅದೇ. ನೀರು ಕೇಳ್ತಾನೆ. ಬಸ್ಸಲ್ಲಿ ಕೂತರೂ ಅದೇ. ನಾನು ಬಣ್ಣಕ್ಕೆ ಒದ್ದಾಡಿದ್ದೆ, ಎಷ್ಟು ದಪ್ಪ ಇರಬೇಕು, ಎಷ್ಟು ಹೊಳೆಯಬೇಕು, ಅಂಚಲ್ಲಿ ಎಷ್ಟು ಬೇಗ ಕಂದಾಗಬೇಕು ಅಂತ. ಅದು ಯಾರ ಮೈಯಿಂದ ಹೋಗುತ್ತಿದೆಯೋ ಅವನಿಗೆ ಏನಾಗುತ್ತೆ ಅನ್ನೋದು ಯಾರ ಕೆಲಸ? ಮೇಕಪ್ಪಿನವನದಲ್ಲ, ಕ್ಯಾಮೆರಾದವನದಲ್ಲ. ರಾತ್ರಿ ಟಿವಿಯಲ್ಲಿ ಯಾವುದೋ ಮಚ್ಚಿನ ಸಿನಿಮಾ ಬರುತ್ತಿತ್ತು. ಪರದೆ ಪೂರ್ತಿ ಕೆಂಪು, ಬಿದ್ದವರೆಲ್ಲ ಏನೇನೋ ಹೇಳಿ ಸತ್ತರು. ಒಬ್ಬನಿಗೂ ಬಾಯಾರಲಿಲ್ಲ. ಮನೆಯವಳು, ಯಾಕೆ ಹಾಗೆ ಬಿಟ್ಟಕಣ್ಣು ಬಿಟ್ಟುಕೊಂಡು ನೋಡ್ತಿದ್ದೀರಿ ಅಂದಳು. ಏನಂತ ಹೇಳೋದು.

ಒದ್ದೆ ಹತ್ತಿಗೆ ಖರ್ಚೇನು? ನನ್ನ ಎರಡು ಲೀಟರ್ ಪಾಕಕ್ಕಿಂತ ಕಮ್ಮಿ. ಡೈರೆಕ್ಟರ್‌ಗೆ ಇದನ್ನೇ ಹೇಳಿದೆ. ಅರ್ಧ ಬಟ್ಟಲು ರಕ್ತ ಸಾಕು, ಅಂಗಿಯ ಒಂದು ಪಕ್ಕ ನೆನೆಯಲಿ, ಹುಡುಗ ನಡುಗಲಿ, ಡೈಲಾಗ್ ತೆಗಿ ಅಂದೆ. "ಆ ಡೈಲಾಗಿಗೋಸ್ಕರಾನೇ ಸಿನಿಮಾ ಮಾಡ್ತಿರೋದು ಗುರೂ" ಅಂದ. ಬರೆದವನು ಅವನೇ ತಾನೇ, ಕರುಳು ಬಿಡಬೇಕಲ್ಲ.

ಭಾನುವಾರ ಆ ದೃಶ್ಯ ಇನ್ನೊಂದು ಸಲ ತೆಗೀತೀವಿ, ಲೈಟ್ ಸರಿ ಬಂದಿಲ್ಲವಂತೆ. ಹುಡುಗನಿಗೆ ನಾನು ಸುಮ್ನೆ ಕಿವಿಯಲ್ಲಿ ಹೇಳಿಟ್ಟಿದ್ದೀನಿ, ಒಂದು ಟೇಕ್‌ನಲ್ಲಿ ಎಲ್ಲ ಮರೆತವನ ಹಾಗೆ ನೀರು ಅಂತ ಮಾತ್ರ ಅನ್ನು ಅಂತ. ಡೈರೆಕ್ಟರ್ ಕಟ್ ಅಂದರೆ ಅನ್ನಲಿ. ಕ್ಯಾಮೆರಾ ಹುಡುಗನಿಗೂ ಹೇಳಿದ್ದೀನಿ, ಅವನು ತಕ್ಷಣ ಆಫ್ ಮಾಡಲ್ಲ.