ಶಿರಸಿಯ ಮನೆಯಲ್ಲಿ ಕಡಲ ಮೀನು

ನಮ್ಮ ಮನೆಯ ಜಗುಲಿಯಲ್ಲಿರುವ ನಾಲ್ಕಡಿ ಉದ್ದದ, ಸುಮಾರು 250 ಲೀಟರ್ ಕಡಲ ನೀರು ಹಿಡಿಯುವ ಗಾಜಿನ ತೊಟ್ಟಿಯಲ್ಲಿ ಈಗ ಇರುವುದು ಐದೇ ಮೀನು: ಒಂದು ಜೋಡಿ ಕ್ಲೌನ್, ಎರಡು ಬಂಗಾಯ್ ಕಾರ್ಡಿನಲ್, ಒಂದು ನೀಲಿ ಡ್ಯಾಮ್ಸೆಲ್. ಇಷ್ಟು ದೊಡ್ಡ ತೊಟ್ಟಿಗೆ ಇಷ್ಟು ಕಡಿಮೆ ಮೀನೇಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಆರು ವರ್ಷಗಳ ಹಿಂದೆ, ಅಂಗಡಿಯ ಗಾಜಿನ ಮುಂದೆ ನಿಂತು ಬಣ್ಣ ನೋಡಿ ಮೀನು ಆರಿಸುತ್ತಿದ್ದಾಗ, ನನಗೂ ಅದೇ ಪ್ರಶ್ನೆ ಇತ್ತು. ಇಂದು ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಈ ಮೀನು ಕಡಲಿನಲ್ಲಿ ಏನು ತಿಂದು ಬದುಕುತ್ತದೆ, ಬೆಳೆದರೆ ಎಷ್ಟುದ್ದವಾಗುತ್ತದೆ?

ಇದನ್ನು ನನಗೆ ಕಲಿಸಿದ್ದು ಬೆರಳುದ್ದದ ಒಂದು ಕ್ಲೀನರ್ ರ‍್ಯಾಸ್. ನೀಲಿ ಮೈಯ ಮೇಲೆ ಉದ್ದಕ್ಕೆ ಕಪ್ಪು ಪಟ್ಟಿಯಿರುವ ಈ ಮೀನು ಹವಳದ ದಿಬ್ಬಗಳಲ್ಲಿ ಒಂದು ಠಾವು ಹಿಡಿದು, ಸರತಿಯಲ್ಲಿ ಬರುವ ದೊಡ್ಡ ಮೀನುಗಳ ಮೈ, ಕಿವಿರು ಮತ್ತು ಬಾಯೊಳಗಿನ ಪರಾವಲಂಬಿ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ತೊಟ್ಟಿಯ ಮೀನುಗಳಿಗೆ ರೋಗ ಬಾರದಂತೆ ಇದು ನೋಡಿಕೊಳ್ಳುತ್ತದೆ ಎಂದು ಮಾರಿದವರು ಹೇಳಿದ್ದನ್ನು ನಂಬಿ ತಂದೆ. ನಾಲ್ಕಾರು ಮೀನುಗಳ ಮೈಯಲ್ಲಿ ಅದಕ್ಕೆ ಬೇಕಾದಷ್ಟು ಆಹಾರ ಎಲ್ಲಿಂದ ಬರಬೇಕು? ಹಾಕಿದ ಒಣ ಆಹಾರವನ್ನು ಅದು ಮೂಸಿಯೂ ನೋಡಲಿಲ್ಲ. ಇಪ್ಪತ್ತೆರಡನೆಯ ದಿನ, ಹೊಟ್ಟೆ ಬೆನ್ನಿಗೆ ಹತ್ತಿ, ಸತ್ತುಹೋಯಿತು. ಆ ಸಾವಿಗೆ ರೋಗ ಕಾರಣವಲ್ಲ, ಹಸಿವು ಕಾರಣ. ಆ ಹಸಿವಿಗೆ ನಾನು ಕಾರಣ.

ಅಂಗಡಿಗಳಲ್ಲಿ ಕಣ್ಣಿಗೆ ಬೀಳುವ ಎಷ್ಟೋ ಸುಂದರ ಮೀನುಗಳ ಕಥೆ ಹೀಗೆಯೇ. ಚಿಟ್ಟೆಮೀನುಗಳಲ್ಲಿ ಹಲವು ಜಾತಿಗಳು ಜೀವಂತ ಹವಳದ ಮೃದು ಭಾಗಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಮ್ಯಾಂಡರಿನ್ ಮೀನಿಗೆ ದಿನವಿಡೀ ಕಲ್ಲಿನ ಸಂದುಗಳಲ್ಲಿ ಹುಡುಕಿ ತಿನ್ನಲು ಕೋಪೆಪಾಡ್ ಎಂಬ ಸೀಗಡಿಯಂಥ ಅತಿಸಣ್ಣ ಜೀವಿಗಳು ಬೇಕು, ಹೊಸ ತೊಟ್ಟಿಯಲ್ಲಿ ಅವು ಇರುವುದೇ ಇಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ ಇರುವ ನೀಲಿ ಉಂಗುರದ ಏಂಜೆಲ್ ಮರಿಯಾಗಿದ್ದಾಗ ಕಡು ನೀಲಿಯ ಮೇಲೆ ಬಿಳಿ ಗೆರೆ ಎಳೆದಂತೆ ಕಾಣುತ್ತದೆ, ಬೆಳೆದ ಮೇಲೆ ಒಂದೂವರೆ ಅಡಿಗೆ ಹತ್ತಿರವಾಗುತ್ತದೆ. ಬಾಕ್ಸ್ ಮೀನು ಹೆದರಿದರೆ ಮೈಯಿಂದ ವಿಷ ಬಿಟ್ಟು ಉಳಿದವುಗಳ ಜೊತೆಗೆ ತಾನೂ ಸಾಯಬಹುದು. ಲಯನ್‌ಫಿಶ್ ಗಟ್ಟಿ ಮೀನು ಎಂಬುದು ನಿಜ, ಆದರೆ ಬಾಯಿಗೆ ಹಿಡಿಯುವಷ್ಟು ಸಣ್ಣ ಜೊತೆಗಾರರನ್ನೆಲ್ಲ ನುಂಗುತ್ತದೆ, ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ. ಮಕ್ಕಳಿರುವ ಮನೆಗೆ ನಾನಂತೂ ಅದನ್ನು ಸೂಚಿಸುವುದಿಲ್ಲ.

ಕ್ಲೌನ್ ಮೀನಿನ ವಿಷಯ ಬೇರೆ. ಕಡಲಿನಲ್ಲಿ ಅದು ಹೂವಿನಂತೆ ಕಾಣುವ, ಕುಟುಕುವ ಜೀವಿಯಾದ ಅನಿಮೊನಿಯ ಆಸರೆ ಬಿಟ್ಟು ದೂರ ಹೋಗುವುದಿಲ್ಲ. ತೊಟ್ಟಿಯಲ್ಲಿ ಬೇಟೆಯಾಡುವವರಿಲ್ಲದ ಕಾರಣ ಅನಿಮೊನಿ ಇಲ್ಲದೆಯೂ ನೆಮ್ಮದಿಯಾಗಿ ಇರುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು. ಎಲ್ಲ ಮರಿಗಳೂ ಮೊದಲು ಗಂಡಾಗಿ ಬಲಿತು, ಗುಂಪಿನಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ಹೀಗಾಗಿ ಎರಡು ಎಳೆಯ ಮೀನು ತಂದರೆ ಜೋಡಿ ತಾನಾಗಿಯೇ ಕೂಡಿಬರುತ್ತದೆ. ನಮ್ಮ ಮನೆಯ ಜೋಡಿ ಒಂದು ಹೆಂಚಿನ ತುಂಡಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಸುತ್ತದೆ. ಗಂಡು ಅದಕ್ಕೆ ಬಿಡದೆ ರೆಕ್ಕೆ ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತ ಕಾಯುತ್ತದೆ. ಸುಮಾರು ಒಂದು ವಾರದ ನಂತರ, ದೀಪ ಆರಿಸಿದ ಮೇಲೆ ಕತ್ತಲಲ್ಲಿ ಮರಿಗಳು ಹೊರಬರುತ್ತವೆ. ಆ ಮರಿಗಳ ಬಾಯಿಗೆ ಹಿಡಿಯುವುದು ರೋಟಿಫರ್ ಎಂಬ ಸೂಕ್ಷ್ಮ ಜಲಜೀವಿ ಮಾತ್ರ, ಆರ್ಟೀಮಿಯ ಎಂಬ ಉಪ್ಪುನೀರಿನ ಸಣ್ಣ ಸೀಗಡಿಯ ಮರಿಗಳನ್ನು ಕೊಡುವುದು ಕೆಲವು ದಿನಗಳ ನಂತರ. ರೋಟಿಫರ್ ಬೆಳೆಸಿಟ್ಟುಕೊಳ್ಳದ ಕಾರಣ ನನ್ನ ಕೈಯಲ್ಲಿ ಇದುವರೆಗೆ ಒಂದು ಮರಿಯೂ ಉಳಿದಿಲ್ಲ, ಅದರ ಸಂಕಟ ಈಗಲೂ ಇದೆ.

ಈ ಸಾಕಣೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಸಾಧಿಸಿ ತೋರಿಸಿದ್ದಾರೆ. ಅದೇ ಸಂಸ್ಥೆಯ ಕೇಂದ್ರವೊಂದು ನಮ್ಮ ಕಾರವಾರದಲ್ಲಿದ್ದು, ಅದರ ಹೆಸರು ಹೆಚ್ಚಾಗಿ ಪಂಜರ ಮೀನು ಕೃಷಿಗೆ ಅಂಟಿಕೊಂಡಿದೆ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಸಾಕಣೆಯಿಂದ ಬಂದರೆ, ಕಡಲಿನವುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತಂದವು. ಆದ್ದರಿಂದ ಕೊಳ್ಳುವಾಗ ತೊಟ್ಟಿಯಲ್ಲೇ ಹುಟ್ಟಿದ ಮೀನೇ ಬೇಕೆಂದು ಹಟ ಹಿಡಿಯುತ್ತೇನೆ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಿ ಬಂದವರು ಅಲ್ಲಿನ ಮೀನು ಮನೆಗೆ ತರಬಹುದೇ ಎಂದು ಕೇಳುವುದುಂಟು. ತರಬಾರದು. ಹವಳ ಮತ್ತು ಕಡಲ್ಗುದುರೆಗಳಿಗಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಕಾರವಾರದ ಬಂಡೆಗಳ ನಡುವೆ ಇಳಿತದ ಹೊತ್ತಿಗೆ ನಿಂತ ನೀರಿನಲ್ಲಿ ಹುಡುಗರು ಹಿಡಿಯುವ, ಐದು ಕಪ್ಪು ಪಟ್ಟಿಗಳ ಸಾರ್ಜೆಂಟ್ ಮೇಜರ್ ಮೀನನ್ನೂ ಮನೆಗೆ ತರಬಾರದು. ಬಿಸಿಲು, ಮಳೆ ಎರಡನ್ನೂ ತಾಳುವ ಗಟ್ಟಿ ಜೀವ ಅದು, ಆದರೆ ಬೆಳೆದಂತೆ ಇಡೀ ತೊಟ್ಟಿ ತನ್ನದೆಂದು ಉಳಿದವುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ.

ಇನ್ನು ನೀರು. ತೊಟ್ಟಿ ತುಂಬಿಸಿದ ಮೇಲೆ, ಮೀನಿನ ಕಿವಿರಿನಿಂದ ಮತ್ತು ಹೇಲಿನಿಂದ ಬರುವ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಕಡಲ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅಮೋನಿಯದಲ್ಲಿ ವಿಷಕಾರಿ ರೂಪದ ಪಾಲು ಸಿಹಿನೀರಿಗಿಂತ ಹೆಚ್ಚು, ಉಪ್ಪಿನಿಂದಾಗಿ ಕರಗಿರುವ ಆಮ್ಲಜನಕವೂ ಕಡಿಮೆ. ಸಿಹಿನೀರಿನ ಲೆಕ್ಕದಲ್ಲಿ ಮೀನು ತುಂಬಿದವರು ಸೋಲುವುದು ಇಲ್ಲಿಯೇ. ನೀರು ಆರಿದಾಗ ಉಪ್ಪು ಆರುವುದಿಲ್ಲವಾದ್ದರಿಂದ, ಕಡಿಮೆಯಾದಷ್ಟನ್ನು ನಮ್ಮ ಬಾವಿಯ ಸಿಹಿನೀರಿನಿಂದಲೇ ತುಂಬುತ್ತೇನೆ. ಶಿರಸಿಯ ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು, ಮಳೆಗಾಲದಲ್ಲಿ ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪು.

ಹದಿನೈದು ದಿನಕ್ಕೊಮ್ಮೆ 25 ಲೀಟರ್ ನೀರು ಬದಲಿಸಬೇಕು. ಕಾರವಾರದ ತವರಿಗೆ ಹೋದಾಗ ಮಾಜಾಳಿಯಲ್ಲಿ ತುಂಬಿಕೊಂಡು ಬರುವ ನೀರು ಏಪ್ರಿಲ್‌, ಮೇ ತಿಂಗಳಲ್ಲಿ ಉಪ್ಪಿನಂಶ ತಿಳಿಯಲು ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.025ರ ಆಸುಪಾಸಿನಲ್ಲಿರುತ್ತದೆ. ಒಂದು ಜುಲೈಯಲ್ಲಿ ಕಾಳಿ ನದಿಯ ಮುಖಕ್ಕೆ ಹತ್ತಿರ ತುಂಬಿಕೊಂಡ ನೀರು 1.010 ಕೂಡ ಮುಟ್ಟಲಿಲ್ಲ, ಕೆಂಪು ಮಣ್ಣು ಬೇರೆ. ಅಂದಿನಿಂದ ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಎಂಟು ಕ್ಯಾನ್ ನೀರನ್ನು ಮೇ ಮುಗಿಯುವ ಮೊದಲೇ ಘಟ್ಟ ಹತ್ತಿಸಿ, ಬಟ್ಟೆಯಲ್ಲಿ ಸೋಸಿ, ಅಟ್ಟದ ಕೆಳಗಿನ ಕತ್ತಲೆಯ ಮೂಲೆಯಲ್ಲಿ ಇಡುತ್ತೇನೆ. ಈ ವರ್ಷ ಒಂಬತ್ತನೆಯದೊಂದನ್ನು ಸೇರಿಸಿದ್ದೇನೆ; ಅದು ರೋಟಿಫರ್ ಬೆಳೆಸಲು.