ಒಂದು ಗಾಡಿ ಹಿಂದೆ ಬಿದ್ದ ತೂಕ

ಪುಣೆಯ ಭೋಸರಿಯ ಕಾರ್ಖಾನೆಯೊಂದಕ್ಕೆ, ಮೂರು ತೂಕದ ಯಂತ್ರಗಳಿಂದ ಟಿಸಿಪಿ ಸಾಕೆಟ್ (ಜಾಲದಲ್ಲಿ ದತ್ತಾಂಶ ಸಾಗಿಸುವ ಸಂಪರ್ಕ) ಮೂಲಕ ಅಂಕಿಗಳನ್ನು ಓದುವ ಪ್ರೋಗ್ರಾಂ ಬರೆದುಕೊಟ್ಟು ವಾರವೂ ಕಳೆದಿರಲಿಲ್ಲ. ಕಾಟಾ ನೋಡಿಕೊಳ್ಳುವ ವಿಜಯಪುರದ ಹುಡುಗ ಫೋನ್ ಮಾಡಿ, "ಸರ, ಈ ಗಾಡಿ ನಿಂತ್ರ ಹಿಂದಿನ ಗಾಡಿ ತೂಕ ತೋರಸಾಕತ್ತದ" ಎಂದ. ತೊಂದರೆ ಇದ್ದದ್ದು ಮೂರನೆಯ ಯಂತ್ರದಲ್ಲಿ ಮಾತ್ರ.

ಬರುತ್ತಿದ್ದ ಬೈಟ್‌ಗಳನ್ನು, ಅಂದರೆ ಅಕ್ಷರಗಳ ಸಂಕೇತ ಸಂಖ್ಯೆಗಳನ್ನು, ಒಂದೊಂದಾಗಿ ಅಚ್ಚು ಹಾಕಿಸಿದಾಗ ಗುಟ್ಟು ತಿಳಿಯಿತು. ಸಾಲು ಮುಗಿಸಲು ಮೊದಲ ಯಂತ್ರ 13 ಮತ್ತು 10 ಎರಡನ್ನೂ, ಅಂದರೆ ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್‌ಗಳನ್ನು, ಕಳಿಸುತ್ತಿತ್ತು. ಎರಡನೆಯದು ಬರೀ 10, ಮೂರನೆಯದು ಬರೀ 13. ಅಚ್ಚಿನ ತಲೆಯನ್ನು ಎಡಕ್ಕೆ ತರಲು ಒಂದು, ಕಾಗದವನ್ನು ಸರಿಸಲು ಇನ್ನೊಂದು ಎಂಬ ಟೆಲಿಟೈಪ್ ಕಾಲದ ಏರ್ಪಾಡಿನ ಋಣ ಇನ್ನೂ ಹರಿದಿಲ್ಲ. 13 ಕಂಡೊಡನೆ ನನ್ನ ಕೋಡ್ 10ಕ್ಕಾಗಿ ಕಾಯುತ್ತಿತ್ತು. ಮೂರನೆಯ ಯಂತ್ರದಿಂದ ಮುಂದಿನ ಬೈಟ್ ಬರುತ್ತಿದ್ದುದು ಮುಂದಿನ ಗಾಡಿ ಕಾಟಾ ಹತ್ತಿದ ಮೇಲೆಯೇ.

ಎರಡರಲ್ಲಿ ಯಾವುದು ಬಂದರೂ ಸಾಲು ಮುಗಿಸಿ, 13, 10 ಎರಡೂ ಬಂದಲ್ಲಿ ನಡುವೆ ಹುಟ್ಟುವ ಖಾಲಿ ಸಾಲುಗಳನ್ನು ಎಸೆಯೋಣವೆಂದರೆ, ತೂಕದ ಚೀಟಿ ಮುಗಿಯಿತೆಂದು ಮೊದಲ ಯಂತ್ರ ತಿಳಿಸುತ್ತಿದ್ದುದೇ ಖಾಲಿ ಸಾಲಿನಿಂದ. ಕೈಗೆ ಬಂದ ತುಂಡಿನಲ್ಲೇ 13ರ ಪಕ್ಕದಲ್ಲಿ 10 ಇದೆಯೇ ಎಂದು ನೋಡುವುದೂ ನಂಬುವಂಥದ್ದಲ್ಲ: ಟಿಸಿಪಿಗೆ ಸಾಲಿನ ಎಲ್ಲೆ ಗೊತ್ತಿಲ್ಲದ್ದರಿಂದ, 13 ಒಂದು ಓದಿನ ತುದಿಗೂ 10 ಮುಂದಿನ ಓದಿನ ಮೊದಲಿಗೂ ಬೀಳಬಹುದು.

ಕೊನೆಗೆ ಉಳಿದ ದಾರಿ ಇದು: 13 ಬಂದ ಕೂಡಲೇ ಸಾಲನ್ನು ಒಪ್ಪಿಸಿ ಒಂದು ಗುರುತು ಇಟ್ಟುಕೊಳ್ಳುವುದು, ಮುಂದಿನ ಬೈಟ್ ಯಾವಾಗ ಬಂದರೂ ಸರಿ, ಅದು 10 ಆಗಿದ್ದರೆ ನುಂಗಿಬಿಡುವುದು, ಏನೇ ಆಗಿದ್ದರೂ ಗುರುತನ್ನು ಅಳಿಸುವುದು. ಆ ಗುರುತು, ಬೈಟ್‌ಗಳನ್ನು ಓದುವ ಫಂಕ್ಷನ್ನಿನೊಳಗೆ ಹುಟ್ಟಿ ಸಾಯದೆ, ಆಯಾ ಸಂಪರ್ಕದ ಜೊತೆಗೇ ಬದುಕಿರಬೇಕು. ಸಂಪರ್ಕ ಕಡಿದಾಗ ಬಫರಿನಲ್ಲಿ (ಬಂದ ಬೈಟ್‌ಗಳನ್ನು ತಾತ್ಕಾಲಿಕವಾಗಿ ಇಡುವ ಜಾಗದಲ್ಲಿ) ಉಳಿದ ಅರ್ಧ ಸಾಲನ್ನು ನಾನು ಎಸೆಯುತ್ತೇನೆ. 12480 ಕಿಲೋ ತೂಕದ ಗಾಡಿ 124 ಕಿಲೋ ಎಂದು ದಾಖಲಾಗುವುದಕ್ಕಿಂತ ಮತ್ತೊಮ್ಮೆ ತೂಗುವುದೇ ಮೇಲು.

ಆದರೆ ಈ ಧಾರಾಳತನ ಎಲ್ಲ ಕಡೆಗೂ ಸಲ್ಲದು. ವೆಬ್ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿಯ 2022ರ ನಿಯಮ ದಾಖಲೆ ಆರ್‌ಎಫ್‌ಸಿ 9112, ಬರೀ 10 ಬಂದರೂ ಸಾಲು ಮುಗಿಯಿತೆಂದು ಎಣಿಸಲು ಅವಕಾಶ ಕೊಡುತ್ತದೆ. ಬರೀ 13ಕ್ಕೆ ಆ ಮರ್ಯಾದೆಯಿಲ್ಲ. ಇಮೇಲ್‌ನಲ್ಲಂತೂ ಜೋಡಿಯೇ ಬೇಕು. ಸಂದೇಶ ಎಲ್ಲಿ ಮುಗಿಯಿತೆಂಬುದರಲ್ಲಿ ಎರಡು ಸರ್ವರ್‌ಗಳಿಗೆ ಒಮ್ಮತವಿಲ್ಲದಿದ್ದರೆ ಒಂದು ಪತ್ರದೊಳಗೆ ಮತ್ತೊಂದು ಖೋಟಾ ಪತ್ರವನ್ನು ತೂರಿಸಬಹುದೆಂದು 2023ರ ಡಿಸೆಂಬರ್‌ನಲ್ಲಿ ಬಯಲಾದ ಎಸ್‌ಎಂಟಿಪಿ (ಇಮೇಲ್ ಸಾಗಿಸುವ ನಿಯಮ) ಸ್ಮಗ್ಲಿಂಗ್ ಎಂಬ ದಾಳಿ ತೋರಿಸಿಕೊಟ್ಟಿತು. ಕಾಟಾದ ಈ ಕೋಡನ್ನು ಇಮೇಲ್ ಸರ್ವರಿನ ಹತ್ತಿರಕ್ಕೂ ನಾನು ಒಯ್ಯಲಾರೆ.