ಶಿಕಾಗೋ ಕಟ್ಟಡಗಳನ್ನು ಕೆಳಗಿನಿಂದಲೇ ನೋಡಿ

ಶಿಕಾಗೋಗೆ ಹೋಗುವವರು ಮೊದಲು ಮಾಡುವ ಕೆಲಸ ವಿಲ್ಲಿಸ್ ಟವರ್ ಅನ್ನೋ ಗಗನಚುಂಬಿ ಕಟ್ಟಡದ ಮೇಲಕ್ಕೆ ಟಿಕೆಟ್ ತಗೊಳ್ಳೋದು. ನಾನಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ ಅಂತೀನಿ. ಮೇಲೆ ಹತ್ತಿದ ಮೇಲೆ ಆ ಕಟ್ಟಡವೇ ಕಾಣಲ್ಲ, ಅಲ್ವಾ? ಅದರ ಸೊಗಸು ಇರೋದು ಹೊರಗೆ. ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸಿದ ಹಾಗಿದೆ. ಕೆಲವು ಅರ್ಧದಲ್ಲೇ ನಿಲ್ಲುತ್ತವೆ, ಕೆಲವು 442 ಮೀಟರ್‌ವರೆಗೂ ಹೋಗುತ್ತವೆ. ಗಾಳಿಯ ಹೊಡೆತವನ್ನು ಎಲ್ಲವೂ ಸೇರಿ ತಡೆಯಲಿ ಅಂತ ಈ ಉಪಾಯ ಹೂಡಿದವರು ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್.

ಶುರುವಿಗೆ ನದಿಯ ದೋಣಿ ಹತ್ತಿ. ಶಿಕಾಗೋ ಆರ್ಕಿಟೆಕ್ಚರ್ ಸೆಂಟರ್‌ನ ಪ್ರವಾಸ ಸುಮಾರು 90 ನಿಮಿಷದ್ದು, ವಿವರಿಸುವವರು ವಿಷಯ ಚೆನ್ನಾಗಿ ತಿಳಿದ ಸ್ವಯಂಸೇವಕರು. ಕಡು ಚಳಿಗಾಲದಲ್ಲಿ ದೋಣಿ ಓಡಲ್ಲ, ದಿನಾಂಕ ನೋಡಿಕೊಂಡೇ ಯೋಜನೆ ಹಾಕಿ. ಮರೀನಾ ಸಿಟಿಯ ಜೋಡಿ ಗೋಪುರಗಳು ನದಿಯಿಂದಲೇ ಚೆಂದ: ಕೆಳಗಿನ 19 ಮಹಡಿ ಪೂರ್ತಿ ಪಾರ್ಕಿಂಗ್, ಕಾರುಗಳು ಅಂಚಿನಲ್ಲೇ ನಿಂತಿರುತ್ತವೆ, ಅದರ ಮೇಲೆ ಮೆಕ್ಕೆಜೋಳದ ತೆನೆಯಂತೆ ಸುತ್ತಲೂ ಬಾಲ್ಕನಿಗಳು.

ಆಮೇಲೆ ಡಿಯರ್‌ಬಾರ್ನ್ ರಸ್ತೆಯಲ್ಲಿ ನಡೆಯಿರಿ. ಇಡೀ ಊರಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅಲ್ಲಿನ ಫೆಡರಲ್ ಪ್ಲಾಜಾ. ಸುತ್ತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರ ಕಪ್ಪು ಉಕ್ಕು, ಗಾಜಿನ ಕಟ್ಟಡಗಳು, ಎಲ್ಲವೂ ನೇರ ಗೆರೆ. ನಡುವೆ 53 ಅಡಿ ಎತ್ತರದ ಕಡುಕೆಂಪು ಕಮಾನು, ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರ ‘ಫ್ಲೆಮಿಂಗೊ’, 1974ರದ್ದು. ಫೋಟೋದಲ್ಲಿ ಬರೀ ಕೆಂಪು ಕಬ್ಬಿಣದಂತೆ ಕಾಣುತ್ತದೆ. ಅದರ ಕೆಳಗೆ ಹೋಗಿ ನಿಂತು ಕತ್ತೆತ್ತಿ ನೋಡಿ. ಆ ಬಾಗಿದ ಕಾಲುಗಳ ಸಂದಿಯಿಂದ ಕಪ್ಪು ಕಟ್ಟಡ ಕಂಡಾಗಲೇ ಎರಡೂ ಒಂದಕ್ಕೊಂದು ಬೇಕು ಅನ್ನೋದು ಗೊತ್ತಾಗೋದು. ಶಿಲ್ಪ ಇಲ್ಲದಿದ್ದರೆ ಅಂಗಳ ಬಿಗಿದುಕೊಂಡಂತೆ ಇರುತ್ತಿತ್ತು, ಕಟ್ಟಡ ಇಲ್ಲದಿದ್ದರೆ ಆ ಕೆಂಪು ಇಷ್ಟು ಉರಿಯುತ್ತಿರಲಿಲ್ಲ.

ಉತ್ತರಕ್ಕೆ ಅದೇ ರಸ್ತೆಯಲ್ಲಿ ಚಿತ್ರಕಾರ ಶಗಾಲ್ ಅವರು ಬಣ್ಣದ ಚೂರುಗಳಿಂದ ಚಿತ್ರ ಜೋಡಿಸಿದ ಮೊಸಾಯಿಕ್ ಗೋಡೆ ಸಿಗುತ್ತದೆ, ಇನ್ನೂ ಮುಂದೆ ಡೇಲಿ ಪ್ಲಾಜಾದಲ್ಲಿ ಪಿಕಾಸೊ ಶಿಲ್ಪ. 50 ಅಡಿ ಎತ್ತರದ ಇದಕ್ಕೆ ಪಿಕಾಸೊ ಹೆಸರೂ ಇಡಲಿಲ್ಲ, ದುಡ್ಡೂ ತಗೊಳ್ಳಲಿಲ್ಲ, ಊರಿಗೆ ಉಡುಗೊರೆಯಾಗಿ ಕೊಟ್ಟರು. ಅದರ ಹಿಂದೆ ನಿಂತಿರುವ ಕಟ್ಟಡಕ್ಕೆ ಬಳಸಿದ ಕಂದು ಉಕ್ಕನ್ನೇ ಇದಕ್ಕೂ ಬಳಸಿದ್ದಾರೆ. ಮಕ್ಕಳು ಅದರ ಬುಡದಲ್ಲಿ ಹತ್ತಿ ಜಾರುತ್ತಾರೆ, ಯಾರೂ ಬೇಡ ಅನ್ನಲ್ಲ. ರಸ್ತೆ ದಾಟಿದರೆ ಕಲಾವಿದ ಮಿರೊ ಅವರ ಶಿಲ್ಪ. ಇವೆಲ್ಲ ಬಯಲಲ್ಲೇ ಇವೆ, ನೋಡೋಕೆ ಒಂದು ಪೈಸೆ ಖರ್ಚಿಲ್ಲ.

ಮಿಲೇನಿಯಂ ಪಾರ್ಕ್‌ನಲ್ಲಿ ಕನ್ನಡಿಯಂತೆ ಹೊಳೆಯುವ ಶಿಲ್ಪ ‘ಕ್ಲೌಡ್ ಗೇಟ್’ಗೆ ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನ ಜನ ಜಾಸ್ತಿ. ಅನೀಶ್ ಕಪೂರ್ 168 ಉಕ್ಕಿನ ತಗಡುಗಳನ್ನು ಬೆಸೆದು ಮಾಡಿಸಿದ್ದು, ಆದರೂ ಬೆಸುಗೆ ಎಲ್ಲೂ ಕಾಣಲ್ಲ. ಪಕ್ಕದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲೇ 1893ರಲ್ಲಿ ವಿವೇಕಾನಂದರು ಮಾತಾಡಿದ್ದು, ಅದನ್ನೂ ನೋಡಿ ಬನ್ನಿ.

ಓಹೇರ್ ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ರೈಲು ನೇರ ಊರಿನ ನಡುವಿಗೇ ಬರುತ್ತದೆ, ಟ್ಯಾಕ್ಸಿ ಬೇಕಿಲ್ಲ. ಊರಿನ ಪಕ್ಕದ ಮಿಷಿಗನ್ ಸರೋವರದ ಕಡೆಯಿಂದ ಗಾಳಿ ಜೋರು, ಬೇಸಿಗೆ ಅಲ್ಲದಿದ್ದರೆ ಜಾಕೆಟ್ ಬೇಕೇ ಬೇಕು. ಚಳಿ ತಡೆಯೋಕೆ ಆಗದಿದ್ದರೆ ಪಾರ್ಕ್ ಎದುರಿನ ಕಲ್ಚರಲ್ ಸೆಂಟರ್ ಒಳಗೆ ಹೋಗಿ. ಪ್ರವೇಶ ಉಚಿತ, ಟಿಫನಿ ಗಾಜಿನ ದೊಡ್ಡ ಗುಮ್ಮಟವೂ ಅಲ್ಲೇ ಇದೆ.